ಸುದ್ದಿ ಖಚಿತವಾಗುವವರೆಗೆ

ಕಳೆದ ತಿಂಗಳು ದಿಲ್‌ಸುಖ್‌ನಗರದ ಒಂದು ಮದುವೆ ಮಂಟಪದಲ್ಲಿ ಊಟ ಮುಗಿಸಿ ಕೈ ತೊಳೆಯಲು ಹಿಂಭಾಗಕ್ಕೆ ಹೋದೆ. ಚರಂಡಿಯ ಅಂಚಿಗೆ ಯಾರೋ ಆಗತಾನೇ ಬ್ಲೀಚಿಂಗ್ ಪೌಡರ್ ಉದುರಿಸಿದ್ದರು. ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದವರು ಕರವಸ್ತ್ರ ಹಿಡಿದು ದೂರ ಸರಿದರು. ನನಗೆ ಮೊದಲು ಹೊಳೆದದ್ದು ಇದು ಅಸಲಿ ಪೌಡರ್ ಎಂಬುದು. ಅಸಲಿಯನ್ನು ಮೂಗಿನಿಂದಲೇ ಗುರುತಿಸುವುದನ್ನು ನನಗೆ ಕಲಿಸಿದವರು ಶಕುಂತಲಕ್ಕ. ಆ ಮಂಟಪದಿಂದ ನಾಲ್ಕು ಗಲ್ಲಿ ಆಚೆ, ಮೆಟ್ರೋ ಕಂಬಗಳು ಇನ್ನೂ ಯಾರ ತಲೆಯಲ್ಲೂ ಇರದಿದ್ದ ಕಾಲದಲ್ಲಿ, ಅವರ ಮನೆಯ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ.

ನಗರದ ಪಶ್ಚಿಮದಲ್ಲಿ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳು ಅವು. ನಾನು ಬೇಗಂಪೇಟೆಯ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ವಿಮಾನ ಇಳಿಯುವಾಗ ನಮ್ಮ ಕಚೇರಿಯ ಕಿಟಕಿಗಳು ನಡುಗುತ್ತಿದ್ದವು. ಅದರಲ್ಲಿ ಯಾವ ದೇಶದ ಯಾವ ಕಂಪನಿಯ ಮುಖ್ಯಸ್ಥ ಬಂದಿಳಿದ ಎಂಬುದೇ ಮರುದಿನದ ಮುಖಪುಟ. ಎಷ್ಟು ಮಹಡಿ, ಎಷ್ಟು ಕೆಲಸ, ಎಷ್ಟು ಹೂಡಿಕೆ ಎಂದು ಬರೆದು ಬರೆದು ನಮ್ಮ ಕೀಲಿಮಣೆಗಳಲ್ಲಿ ಸೊನ್ನೆಯ ಗುಂಡಿ ಸವೆದಿತ್ತು. ಊರಿನ ಗೆಲುವನ್ನು ನಾವೂ ನಂಬಿದ್ದೆವು. ನಂಬದಿರಲು ಕಾರಣವಿರಲಿಲ್ಲ, ನಮ್ಮ ಸಂಬಳವೂ ಏರಿತ್ತು.

ಆ ಜೂನ್ ತಿಂಗಳಲ್ಲಿ ಪುಟದ ಸಂಪಾದಕರಾದ ಮೂರ್ತಿಗಾರು ನನಗೊಂದು ಕೆಲಸ ಕೊಟ್ಟರು. ಲಂಚಕ್ಕೂ ಜನಜೀವನಕ್ಕೂ ಇರುವ ಸಂಬಂಧವನ್ನು ದೇಶ ದೇಶಗಳ ನಡುವೆ ಹೋಲಿಸಿ ಭಾನುವಾರದ ಇಡೀ ಪುಟಕ್ಕೆ ಬರೆಯಬೇಕು. ಅವರು ನನ್ನೊಡನೆ ಮಾತಾಡುತ್ತಿದ್ದುದು ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆದಾಯ ಒಂದೇ ಇರುವ ಎರಡು ದೇಶ ತಗೋ. ಒಂದರಲ್ಲಿ ಬಾಣಂತಿ ಮನೆಗೆ ಹೋಗ್ತಾಳೆ, ಇನ್ನೊಂದರಲ್ಲಿ ಸ್ಮಶಾನಕ್ಕೆ. ಮಧ್ಯೆ ಏನು ನಡೀತು ಅಂತ ಓದುಗನಿಗೆ ಹೇಳು. ಭಾಷಣ ಮಾತ್ರ ಬೇಡ ಬಾಬು."

ಅಂತರ್ಜಾಲ ಆಮೆಯಂತೆ ತೆವಳುತ್ತಿದ್ದ ದಿನಗಳು. ವರದಿಗಳನ್ನು ಒಂದೊಂದೇ ಪುಟ ಇಳಿಸಿ ಮುದ್ರಿಸಿಕೊಂಡೆ. ಕೋಠಿಯ ಹಳೆ ಪುಸ್ತಕದ ಅಂಗಡಿಗಳಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತಿದ್ದ ವಾರ್ಷಿಕ ಕೋಶಗಳನ್ನು ಹೊತ್ತು ತಂದೆ. ದೇಶಗಳ ಹೆಸರು ಎಡಕ್ಕೆ, ಲಂಚದ ಸ್ಥಾನ ಅದರ ಪಕ್ಕಕ್ಕೆ, ಆಮೇಲೆ ಆಯಸ್ಸು, ಶಾಲೆಯಲ್ಲಿ ಕಳೆದ ವರ್ಷಗಳು, ಹೆರಿಗೆಯಲ್ಲಿ ಸತ್ತ ತಾಯಂದಿರು. ಕೋಷ್ಟಕ ತುಂಬುತ್ತಾ ಹೋದಂತೆ ಒಂದು ಕಾಲಂ ಕೆಟ್ಟಲ್ಲೆಲ್ಲ ಉಳಿದವೂ ಕೆಡುವುದು ಕಾಣುತ್ತಿತ್ತು. ಬಡತನದಿಂದ ಲಂಚವೋ ಲಂಚದಿಂದ ಬಡತನವೋ ಎಂಬ ಬಗ್ಗೆ ತಿಳಿದವರಲ್ಲೇ ಒಮ್ಮತವಿರಲಿಲ್ಲ; ಅದನ್ನೂ ಗುರುತು ಹಾಕಿಕೊಂಡೆ. ಒಬ್ಬ ಸಹೋದ್ಯೋಗಿ ಹೆಗಲ ಮೇಲಿಂದ ಇಣುಕಿ, "ನಮ್ಮ ದೇಶ ಎಲ್ಲಿದೆ?" ಎಂದ. ಮೊದಲ ಪುಟದಲ್ಲೂ ಇಲ್ಲ, ಕೊನೆಯ ಪುಟದಲ್ಲೂ ಇಲ್ಲ ಎಂದೆ. "ಹಂಗಾದ್ರೆ ಜಸ್ಟ್ ಪಾಸ್" ಎಂದು ಚಹಾಕ್ಕೆ ಹೋದ.

ಶಕುಂತಲಕ್ಕ ನೀರು ಪರೀಕ್ಷೆ ಮಾಡುವ ಒಂದು ಸರ್ಕಾರಿ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದರು. ಬಸವಕಲ್ಯಾಣದ ಕಡೆಯವರು. ಐವತ್ತು ದಾಟಿದ್ದರು, ಒಬ್ಬರೇ ಇದ್ದರು. ನಾನು ಗುಲ್ಬರ್ಗಾದವನು ಎಂದು ತಿಳಿದ ದಿನದಿಂದ ನನ್ನನ್ನು ತಮ್ಮ ಎಂದೇ ಕರೆಯುತ್ತಿದ್ದರು. ಮೊದಲ ಮಳೆ ಬಿದ್ದ ವಾರದ ಒಂದು ಸಂಜೆ ಮೆಟ್ಟಿಲ ಮೇಲೆ ಕುಳಿತು ಮೆಂತ್ಯ ಸೋಸುತ್ತಿದ್ದರು. ನಾನು ಒಳಗೆ ಬರುತ್ತಿದ್ದಂತೆ ತಡೆದರು.

"ತಮ್ಮಾ, ನೀ ಲಂಚದ ಮ್ಯಾಲ ಬರ್ಯಾಕತ್ತೀಯಂತಲ್ಲ?"

"ಹೌದಕ್ಕ. ದೇಶ ದೇಶದ್ದು."

"ದೇಶದ್ದು ಆಮ್ಯಾಲ ನೋಡು. ಮೊದಲ ಇದರ ವಾಸನಿ ನೋಡು."

ಸೆರಗಿನ ಮರೆಯಿಂದ ಒಂದು ಸಣ್ಣ ಬಾಟಲಿ ತೆಗೆದು ಮುಚ್ಚಳ ತಿರುವಿದರು. ಒಳಗೆ ಬಿಳಿ ಪುಡಿ. ಮೂಸಿದೆ. ಹೊಸದಾಗಿ ಬಳಿದ ಗೋಡೆಯ ವಾಸನೆ.

"ಸುಣ್ಣ ಇದ್ದಂಗ ಐತಿ."

"ಇದ್ದಂಗ ಏನು, ಸುಣ್ಣಾನ ಅದು. ಅಸಲಿ ಬ್ಲೀಚಿಂಗ್ ಆಗಿದ್ರ ನೀ ಇಷ್ಟೊತ್ತಿಗೆ ಅಳಬೇಕಾಗಿತ್ತು."

ನಗರದಂಚಿನ ಒಂದು ಪುರಸಭೆಯ ನೀರಿನ ಟ್ಯಾಂಕಿಗೆ ಹಾಕಲು ಬಂದಿದ್ದ ಪೌಡರ್ ಅದು. ಆ ಪುರಸಭೆಯ ಹೆಸರನ್ನು ಅಂದು ಅಚ್ಚು ಮಾಡಲಾಗಲಿಲ್ಲ, ಇಂದೂ ಬರೆಯುವುದಿಲ್ಲ. ಗುತ್ತಿಗೆದಾರ ಮೂಟೆಗಳಲ್ಲಿ ಸುಣ್ಣ ಬೆರೆಸಿದ್ದ. ಶಕುಂತಲಕ್ಕ ಎರಡು ಸಲ 'ಬಳಕೆಗೆ ಯೋಗ್ಯವಲ್ಲ' ಎಂದು ಬರೆದರು, ಎರಡು ಸಲವೂ ಮರುಪರೀಕ್ಷೆಗೆ ಬಂತು. ಮೂರನೆಯ ಸಲ ಪರೀಕ್ಷೆಗೆ ಬೇರೆಯೇ ಪೌಡರ್ ಬಂತು, ಅಸಲಿಯದು; ಟ್ಯಾಂಕಿಗೆ ಹೋದದ್ದು ಸುಣ್ಣದ ಮೂಟೆಗಳೇ. ಜೊತೆಗೆ ಆ ಊರಿನ ಗಲ್ಲಿಗಳ ನೀರಿನ ಸ್ಯಾಂಪಲ್‌ಗಳೂ ಬರುತ್ತಿದ್ದವು. ಅವನ್ನು ತುಂಬಬೇಕಾದವನು ಗಲ್ಲಿಗಳಿಗೆ ಹೋಗುತ್ತಿರಲಿಲ್ಲ. ಪಂಪ್‌ಹೌಸಿನ ಒಂದೇ ನಲ್ಲಿಯಲ್ಲಿ ಎಲ್ಲ ಬಾಟಲಿಗಳನ್ನೂ ತುಂಬಿ ಬೇರೆ ಬೇರೆ ಗಲ್ಲಿಯ ಚೀಟಿ ಅಂಟಿಸುತ್ತಿದ್ದ.

"ನಿಮಗ ಹೆಂಗ ಗೊತ್ತಾತು?"

"ಎಂಟು ಗಲ್ಲಿ, ಎಂಟು ಬಾಟ್ಲಿ, ಎಂಟರಾಗೂ ಒಂದ ಲೆಕ್ಕ. ಒಬ್ಬಾಕಿ ಹಡದ ಎಂಟು ಮಕ್ಕಳ ಮಾರಿ ಸೈತ ಹಂಗ ಇರಂಗಿಲ್ಲ ತಮ್ಮ."

ಹಾಗಾಗಿ ಒಂದು ಭಾನುವಾರ ಅವರೇ ಎರಡು ಬಸ್ಸು ಬದಲಿಸಿ ಆ ಊರಿಗೆ ಹೋಗಿ, ಕೂಲಿಕಾರರ ಕೇರಿಯಾದ ಒಂದು ಬಸ್ತಿಯ ನಲ್ಲಿಯಿಂದ ನೀರು ತಂದು ಪರೀಕ್ಷಿಸಿದ್ದರು. ಅದರಲ್ಲಿ ಕ್ಲೋರಿನ್ ಇರಲಿಲ್ಲ, ಮೋರಿಯ ಕ್ರಿಮಿ ಇತ್ತು. ಫಲಿತಾಂಶವನ್ನು ರಿಜಿಸ್ಟರಿನಲ್ಲಿ ಬರೆದು ಅದರ ಜೆರಾಕ್ಸ್ ಪ್ರತಿಯನ್ನು ನನಗಾಗಿ ತಂದಿದ್ದರು.

"ಕಳ್ಳನ್ನ ಆಮ್ಯಾಲ ಹಿಡಿಯೋಣಂತ. ಮೊದಲ ನಾಲ್ಕು ಸಾಲು ಹಾಕಿಬಿಡು, ನೀರು ಕಾಸಿ ಕುಡೀರಿ ಅಂತ."

"ಹಂಗ ಹಾಕಾಕ ಬರಂಗಿಲ್ಲಕ್ಕ. ಮೊದಲ ಖಾತ್ರಿ ಆಗಬೇಕು."

"ನಾ ಖಾತ್ರಿ ಮಾಡೀನಲ್ಲೋ ಮಾರಾಯಾ!"

ಅವರ ಖಾತ್ರಿ ಬೇರೆ, ಪತ್ರಿಕೆಯ ಖಾತ್ರಿ ಬೇರೆ ಎಂದು ಅವರಿಗೆ ತಿಳಿಸಿ ಹೇಳಿದೆ. ನಮ್ಮಲ್ಲಿ ಮೂರು ಬೇಕಿತ್ತು: ಒಂದು ದಾಖಲೆ, ಹೆಸರಿನೊಂದಿಗೆ ಮಾತಾಡುವ ಒಬ್ಬ ಮನುಷ್ಯ, ಆರೋಪ ಹೊತ್ತವರ ಉತ್ತರ. ಶಕುಂತಲಕ್ಕ ಹೆಸರು ಕೊಡಲಾರರು, ನೌಕರಿ ಹೋಗುತ್ತದೆ. ನಿಯಮವನ್ನು ಮಾಡಿದ್ದು ನಾನಲ್ಲ, ಆದರೆ ಅದರಲ್ಲಿ ನನಗೆ ಪೂರ್ತಿ ನಂಬಿಕೆಯಿತ್ತು. ಈಗಲೂ ಇದೆ ಎಂದರೆ ಓದುವವರು ಮುಂದಿನದನ್ನು ಹೇಗೆ ತೆಗೆದುಕೊಳ್ಳುತ್ತಾರೋ ತಿಳಿಯದು.

ಆ ಬಸ್ತಿಯ ಹೆಸರು ಕೇಳಿದಾಗಲೇ ನನಗೆ ಅಲ್ಲಿ ವಾಸವಿದ್ದ ಮಲ್ಲಮ್ಮ ನೆನಪಾಗಿದ್ದಳು. ದೇವದುರ್ಗದ ಕಡೆಯಿಂದ ಗಂಡನೊಡನೆ ಬಂದವಳು. ಗಂಡ ಶರಣಪ್ಪ ಗಾಜಿನ ಕಟ್ಟಡಗಳಿಗೆ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಅವಳು ದಿನಾ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಬೇಗಂಪೇಟೆಗೆ ಬಂದು ನಮ್ಮ ಕಚೇರಿ ಗುಡಿಸುತ್ತಿದ್ದಳು. ಇಪ್ಪತ್ತೆರಡು ವರ್ಷ. ಮೂರು ವರ್ಷದ ಹೆಣ್ಣುಮಗುವನ್ನು ಪಕ್ಕದ ಗುಡಿಸಲಿನ ಮುದುಕಿಯ ಹತ್ತಿರ ಬಿಟ್ಟು ಬರುತ್ತಿದ್ದಳು, ಹೊಟ್ಟೆಯಲ್ಲಿ ಇನ್ನೊಂದು. ಬೆಳಗಿನ ಪಾಳಿಯಲ್ಲಿ ಆ ದೊಡ್ಡ ಹಾಲಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ.

"ಅಣ್ಣಾರ, ಈ ಕಾಗದ ಕಸಾನೋ ಸುದ್ದೀನೋ? ಕೇಳೇ ಗುಡಸ್ತೀನಿ. ಆವತ್ತ ಒಂದ ಹಾಳಿ ಒಗದಿದ್ದಕ್ಕ ಮೂರ್ತಿ ಸಾಹೇಬ್ರು ನನಗ ದೇಶಾನ ಮಾರಿದಾಕಿ ಅನ್ನೋಹಂಗ ಬೈದ್ರು."

"ಕಸ ಆಗೋದು ನಾಳೆ. ಇವತ್ತ ಸುದ್ದಿ."

"ಏನೈತಿ ಅದರಾಗ?"

"ಯಾವ ದೇಶದಾಗ ಬಾಣಂತ್ಯಾರು ಭಾಳ ಸಾಯ್ತಾರ ಅಂತ."

"ಥೂ, ಮುಂಜಾನೆದ್ದು ಎಂಥಾ ಮಾತರಿ. ಬಸರ ಹೆಂಗಸಿನ ಮುಂದ ಅದನ್ನ ಹಿಡಕೊಂಡ ಕುಂತೀರಿ" ಎಂದು ನಕ್ಕಳು. ಆ ಹಾಳೆಯನ್ನು ಮಗುಚಿ ಇಟ್ಟು ಮೇಜು ಒರೆಸಿದಳು.

ಆ ದಿನ ನಾನು ನೀರಿನ ಮಾತು ತೆಗೆದೆ. ಬಸ್ತಿಯ ನಳ ಎರಡು ದಿನಕ್ಕೊಮ್ಮೆ ಬರುತ್ತದೆ, ಪೈಪು ಮೋರಿಯೊಳಗಿಂದಲೇ ಹಾದಿದೆ ಎಂದಳು. "ಮೊದಲ ನಾಲ್ಕು ಕೊಡ ಮೂಗು ಮುಚ್ಚಿಕೊಂಡು ಚೆಲ್ಲತೀವ್ರಿ. ಐದನೇದ್ದು ಕುಡೀತೀವಿ. ಎದುರಿನ ಕಂಪನಿ ಬಿಲ್ಡಿಂಗಿಗೆ ದಿನಾ ಟ್ಯಾಂಕರ್ ಬರ್ತಾವ. ಅಲ್ಲಿ ಹೂವಿನ ಗಿಡ ಸೈತ ನಮಗಿಂತ ಛಲೋ ನೀರು ಕುಡೀತಾವ." ನಾನು ನೋಟ್‌ಬುಕ್ ತೆಗೆದು ಬರೆದುಕೊಂಡೆ. ಎಷ್ಟು ದಿನದಿಂದ ಹೀಗಿದೆ, ಯಾರಿಗೆ ದೂರು ಕೊಟ್ಟಿದ್ದೀರಿ, ಪೇಪರಿನಲ್ಲಿ ನಿನ್ನ ಹೆಸರು ಹಾಕಬಹುದೇ ಎಂದು ಕೇಳಿದೆ. "ಹಾಕ್ರಿ, ಫೋಟೋನೂ ಹಾಕ್ರಿ" ಎಂದಳು. ಕೊನೆಗೆ, ಬೇರೆ ಪೇಪರಿನವರು ಬಂದರೆ ಏನೂ ಹೇಳಬೇಡ ಎಂದೆ.

ಆ ಪುಟ ಇನ್ನೂ ನನ್ನ ಹತ್ತಿರವಿದೆ. ಅಂದು ನಾನು ಕೇಳಿದ ಒಂಬತ್ತು ಪ್ರಶ್ನೆಗಳು ಅದರಲ್ಲಿವೆ. ನೀರು ಕಾಯಿಸಿ ಕುಡಿ ಎಂದು ನಾನು ಹೇಳಲಿಲ್ಲ. ಮರೆತದ್ದಲ್ಲ. ಜೆರಾಕ್ಸ್ ಪ್ರತಿ ನನ್ನ ಡ್ರಾಯರಿನಲ್ಲಿತ್ತು, ಅದು ಇನ್ನೂ ಸುದ್ದಿಯಾಗಿರಲಿಲ್ಲ. ಖಚಿತವಾಗದ್ದನ್ನು ಹೊರಗೆ ಹೇಳಬಾರದೆಂಬುದು ಅಷ್ಟು ವರ್ಷಗಳಲ್ಲಿ ಮೈಗೆ ಹತ್ತಿಹೋಗಿತ್ತು. ಪುಕಾರು ಹಬ್ಬಿಸುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹೆಚ್ಚೆಂದರೆ ಎರಡು ವಾರ, ಆಮೇಲೆ ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡೆ.

ಐದು ವಾರ ಹಿಡಿಯಿತು. ಟೆಂಡರಿನ ಕಾಗದ ಹುಡುಕಿದೆ, ಸಿಗಲಿಲ್ಲ. ಗುತ್ತಿಗೆದಾರನ ಗೋದಾಮಿನ ಮುಂದೆ ಎರಡು ಮಧ್ಯಾಹ್ನ ನಿಂತೆ. ಜೋರು ಮಳೆ. ಬೋನಾಲು ಬಂತು. ಹೆಂಗಸರು ತಲೆಯ ಮೇಲೆ ಬೇವಿನೆಲೆ ಕಟ್ಟಿದ ಗಡಿಗೆ ಹೊತ್ತು ಅಮ್ಮನ ಗುಡಿಗೆ ಹೊರಟರು. ಊರಿಗೆ ಬೇನೆ ಬಾರದಿರಲಿ ಎಂದು ಶುರುವಾದ ಹಬ್ಬ ಅದು ಎನ್ನುತ್ತಾರೆ. ಮಲ್ಲಮ್ಮ ಹಬ್ಬದ ಸೋಮವಾರ ರಜೆ ಕೇಳಿದಳು. ನಿಮ್ಮದಲ್ಲದ ಹಬ್ಬ ನಿನಗ್ಯಾಕೆ ಎಂದು ಛೇಡಿಸಿದರೆ, "ಈ ಊರಾಗ ಇದ್ದಮ್ಯಾಲ ಈ ಊರಿನ ಅವ್ವಗೂ ಕೊಡಬೇಕಲ್ರಿ. ಆಕಿ ಮಾಮೂಲಿ ಆಕಿಗೆ" ಎಂದಳು.

ಕೊನೆಗೆ ಉಳಿದದ್ದು ಆರೋಪ ಹೊತ್ತವರ ಉತ್ತರ. ಪುರಸಭೆಯಲ್ಲಿ ನೀರು ಸರಬರಾಜು ನೋಡಿಕೊಳ್ಳುತ್ತಿದ್ದ ಅಧಿಕಾರಿಯ ಕೋಣೆಗೆ ಹೋದೆ. "ಆಯಿಯೇ ಸಾಬ್, ಪೆಹಲೇ ಚಾಯ್" ಎಂದು ಕೂರಿಸಿದರು. ಒಳ್ಳೆಯ ಚಹಾ, ಒಸ್ಮಾನಿಯಾ ಬಿಸ್ಕತ್ತು. ನಾನು ಆರೋಪಗಳನ್ನು ಒಂದೊಂದಾಗಿ ಓದಿದೆ. ನಿಖರವಾಗಿರಲಿ ಎಂದು ಸ್ಯಾಂಪಲ್‌ನ ಸಂಖ್ಯೆಯನ್ನೂ ಪರೀಕ್ಷೆಯ ದಿನಾಂಕವನ್ನೂ ಓದಿದೆ. ಅವರು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. "ದೋ ದಿನ್ ದೀಜಿಯೇ, ಪೂರಾ ಜವಾಬ್ ದೇಂಗೆ" ಎಂದು ಉತ್ತರಕ್ಕೆ ಎರಡು ದಿನ ಕೇಳಿದರು. ಆ ದಿನಾಂಕದಂದು ಲ್ಯಾಬಿನಲ್ಲಿ ಕೆಲಸದ ಮೇಲಿದ್ದ ಕೆಮಿಸ್ಟ್ ಶಕುಂತಲಕ್ಕ ಒಬ್ಬರೇ ಎಂಬುದು ನನಗೆ ಹೊಳೆದದ್ದು ಮನೆಗೆ ಮರಳುವ ಬಸ್ಸಿನಲ್ಲಿ.

ಮೂರನೆಯ ದಿನ ಅಧಿಕಾರಿ ಎಲ್ಲ ಪತ್ರಿಕೆಯವರನ್ನೂ ಕರೆದರು. ನಮ್ಮ ಕಣ್ಣೆದುರೇ ಟ್ಯಾಂಕಿನ ಹೊಸ ಮೂಟೆಗಳನ್ನು ಬಿಚ್ಚಿಸಿದರು. ವಾಸನೆಗೆ ಎಲ್ಲರ ಕಣ್ಣಲ್ಲೂ ನೀರು. ಬಸ್ತಿಯ ನಲ್ಲಿಯ ನೀರಿಗೆ ಔಷಧದ ಹನಿ ಹಾಕಿ ತೋರಿಸಿದರು, ನೀರು ಹಳದಿಯಾಯಿತು. ಹಳದಿಯಾದರೆ ಕ್ಲೋರಿನ್ ಇದೆ ಎಂದರ್ಥ. ಮೂರ್ತಿಗಾರು ನೀರಿನ ಬಗೆಗಿನ ನನ್ನ ಬರಹವನ್ನು ಬದಿಗಿಟ್ಟರು. "ಈಗ ನೀರು ಸರಿಯಿದೆ, ಹೆಸರು ಕೊಡುವ ಅಧಿಕಾರಿ ಇಲ್ಲ. ಹೇಗೆ ಹಾಕಲಿ?" ಅವರ ಜಾಗದಲ್ಲಿದ್ದರೆ ನಾನೂ ಹಾಕುತ್ತಿರಲಿಲ್ಲ. ಆ ಮೂಟೆಗಳು ಮುಗಿದ ಮೇಲೆ ಮತ್ತೆ ಯಾವುವು ಬಂದವು ಎಂದು ನೋಡಲು ಯಾವ ಪತ್ರಿಕೆಯವರೂ ಹೋಗಲಿಲ್ಲ.

ಶಕುಂತಲಕ್ಕನನ್ನು ಪರೀಕ್ಷೆಯ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದರು, ಖಾಲಿ ಬಾಟಲಿಗಳನ್ನು ಎಣಿಸಲು. ಅವರು ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ದಾರಿ ಬಿಡುತ್ತಾ ಹೇಳಿದರು:

"ನಿನ್ನ ಕೈಯಾಗ ಕೊಟ್ರ ಮಂದಿಗೆ ಗೊತ್ತಾಗತೈತಿ ಅಂತ ಕೊಟ್ಟೆ ತಮ್ಮ. ನೀ ಒಯ್ದು ಕಳ್ಳಗ ತೋರಿಸಿ, ಇದು ನಿಂದ ಏನು ಅಂತ ಕೇಳಿ ಬಂದಿ."

"ಎರಡೂ ಕಡಿ ಕೇಳಬೇಕಲ್ಲಕ್ಕ."

"ಎರಡು ಕಡಿ ಅಂದ್ರ ಒಂದು ಕಳ್ಳನ ಕಡಿ. ಇನ್ನೊಂದು ಕುಡಿಯೋರ ಕಡಿ. ಕುಡಿಯೋರಿಗೆ ಏನು ಹೇಳಿದಿ?"

ಭಾನುವಾರದ ಪುಟ ಸರಿಯಾದ ಸಮಯಕ್ಕೆ ಬಂತು. ಬಣ್ಣದ ಕೋಷ್ಟಕ, ಎಡಕ್ಕೆ ದೇಶಗಳು. ಓದುಗರಿಂದ ಒಳ್ಳೆಯ ಪತ್ರಗಳು ಬಂದವು. ಲಂಚದ ಕಾಲಮ್ಮಿಗೂ ಸಾವಿನ ಕಾಲಮ್ಮಿಗೂ ನಡುವೆ ಅಚ್ಚಿನವರು ಒಂದು ಸಣ್ಣ ಗೆರೆ ಎಳೆದಿದ್ದರು. ಆ ಗೆರೆ ಎಂದರೆ ಏನೆಂದು ನನಗೆ ಗೊತ್ತಿತ್ತು. ಮೂಟೆ, ಟ್ಯಾಂಕು, ಪೈಪು, ಐದನೆಯ ಕೊಡ. ನಡುವೆ ಸಹಿ ಹಾಕುವ ಮೂರು ನಾಲ್ಕು ಜನ, ಸುಮ್ಮನಿರುವ ಹತ್ತಾರು ಜನ. ಯಾವ ದೇಶದಲ್ಲಾದರೂ ಇಷ್ಟೇ ಇರಬೇಕು. ಕೆಲವು ದೇಶಗಳಲ್ಲಿ ಈ ಸಾಲಿನಲ್ಲಿ ಎಲ್ಲೋ ಒಬ್ಬರು ಕೂಗುತ್ತಾರೆ, ಕೂಗಿದ್ದು ಕೇಳಿಸುತ್ತದೆ. ನಮ್ಮಲ್ಲಿ ಕೂಗಿದವರನ್ನು ಬಾಟಲಿ ಎಣಿಸಲು ಹಾಕಿದರು. ಸುಮ್ಮನಿದ್ದವರ ಪಟ್ಟಿಯಲ್ಲಿ ನಾನಿದ್ದೆ. ಆ ಮಾತು ಪುಟದಲ್ಲಿ ಇರಲಿಲ್ಲ.

ಶ್ರಾವಣದ ಮೊದಲ ವಾರ ಮಲ್ಲಮ್ಮ ಕೆಲಸಕ್ಕೆ ಬರಲಿಲ್ಲ. ವಾಂತಿ, ಊಟ ಸೇರುತ್ತಿಲ್ಲ ಎಂದು ಜೊತೆಯವಳು ಹೇಳಿದಳು. ಬಸುರಿಯಲ್ಲವೇ ಎಂದು ಎಲ್ಲರೂ ಸುಮ್ಮನಾದೆವು. ಕಣ್ಣು ಹಳದಿಯಾದ ಮೇಲೆ ಬಸ್ತಿಯಲ್ಲಿ ಯಾರೋ ನೆಲನೆಲ್ಲಿಯ ರಸ ಕುಡಿಸಿದರು. ಮತ್ತೆ ಮೂರು ದಿನಕ್ಕೆ ಮಾತು ತೊದಲತೊಡಗಿತು. ಆಗ ಶರಣಪ್ಪ ಅವಳನ್ನು ಆಟೋದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ತಂದ. ನಾನು ಹೋದಾಗ ಅವಳಿಗೆ ಗುರುತು ಸಿಗುತ್ತಿರಲಿಲ್ಲ. ಏಳು ತಿಂಗಳು ತುಂಬಿತ್ತು. ಮೊದಲು ಮಗು ಹೋಯಿತು, ಮರುದಿನ ಬೆಳಿಗ್ಗೆ ಅವಳು.

ವೈದ್ಯೆ ನನಗಿಂತ ಚಿಕ್ಕವರು, ತುಂಬ ದಣಿದಿದ್ದರು. ಕೆಟ್ಟ ನೀರಿನಿಂದ ಬರುವ ಕಾಮಾಲೆ ಇದು ಎಂದರು. ಉಳಿದವರು ಮಲಗಿ ಏಳುತ್ತಾರೆ, ತುಂಬು ಬಸುರಿಯರು ಅನೇಕರು ಏಳುವುದಿಲ್ಲ. ನೀರು ಒಳಗೆ ಹೋದ ಮೇಲೆ ರೋಗ ತೋರಲು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ ಎಂದರು. ಕಾಯಿಸಿ ಕುಡಿದಿದ್ದರೆ ಎಂದು ಕೇಳಿದೆ. "ಕಾಯಿಸಿದರೆ ಸಾಯುತ್ತದೆ" ಎಂದರು. ಅವರು ಹೇಳಿದ್ದು ಕ್ರಿಮಿಯ ಬಗ್ಗೆ.

ಕಚೇರಿಗೆ ಬಂದು ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಎಣಿಸಿದೆ. ಅದು ನನ್ನ ವೃತ್ತಿಯ ಅಭ್ಯಾಸ. ಎಣಿಕೆ ಹೋಗಿ ನಿಂತದ್ದು ಜೆರಾಕ್ಸ್ ಪ್ರತಿ ನನ್ನ ಡ್ರಾಯರಿಗೆ ಬಂದ ನಂತರದ ದಿನಗಳಲ್ಲಿ. ಆ ನೀರಿನಿಂದಲೇ ಎಂಬುದಕ್ಕೆ ಪುರಾವೆ ಇಲ್ಲ. ಅವಳು ರೈಲು ನಿಲ್ದಾಣದಲ್ಲಿ, ಎಲ್ಲಾದರೂ ಕುಡಿದಿರಬಹುದು. ಇದನ್ನೂ ಬರೆಯಬೇಕಾದದ್ದು ನನ್ನ ಕರ್ತವ್ಯ. ಸಾವಿನ ಕಾಗದದಲ್ಲಿ ಕಾಮಾಲೆ ಎಂದಿತ್ತು, ಬಸುರಿನ ಮಾತಿರಲಿಲ್ಲ. ಹಾಗಾಗಿ ತಾಯಂದಿರ ಕಾಲಮ್ಮಿಗೂ ಅವಳು ಸೇರಿರಲಾರಳು.

ಹದಿನೈದು ದಿನ ಕಳೆದು ಶರಣಪ್ಪ ಅವಳ ಗೇಟ್ ಪಾಸ್ ಹಿಂದಿರುಗಿಸಲು ಬಂದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಣ್ಣಾರ, ಒಂದು ಮಾತು ಕೇಳ್ತೀನಿ. ಊರಾಗಿನ ನಮ್ಮವ್ವ ಅಂತಾಳ, ಊರಿಗೆ ಹೋಗಿ ದೇವರಿಗೆ ಕಾಯಿ ಒಡಸಲಿಲ್ಲ, ಅದಕ್ಕ ಹಿಂಗಾತು ಅಂತ. ನಾನ ಆಕಿನ್ನ ಕರಕೊಂಡು ಹೋಗಲಿಲ್ಲರಿ, ಕೆಲಸ ಇತ್ತು. ನೀವು ಪೇಪರಿನವರು. ಖರೇ ಹೇಳ್ರಿ, ಅದಕ್ಕನ?"

"ಅಲ್ಲ ಶರಣಪ್ಪ. ಕಾಮಾಲಿಗೆ."

"ಕಾಮಾಲಿ ಯಾಕ ಬಂತ್ರಿ?"

ನನ್ನ ಡ್ರಾಯರು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು.

"ಅದು ಇನ್ನೂ ಖಾತ್ರಿ ಆಗಿಲ್ಲ" ಎಂದೆ.

ಅವನು ತಲೆಯಾಡಿಸಿದ. ಓದಿದವರ ಮಾತನ್ನು ಒಪ್ಪಿಕೊಳ್ಳುವವರ ಹಾಗೆ. ಕೈಮುಗಿದು ಹೊರಟ. ಮೆಟ್ಟಿಲು ಅರ್ಧ ಇಳಿದಿದ್ದ, ನಾನು ಹಿಂದೆಯೇ ಹೋಗಿ ನಿಲ್ಲಿಸಿದೆ.

"ಶರಣಪ್ಪ, ನಳದ ನೀರು ಕಾಸಿ ಕುಡೀರಿ. ಮಗೂಗೂ ಕಾಸೇ ಕೊಡು."

ಅವನು ತಿರುಗಿ ನನ್ನನ್ನು ನೋಡಿದ. ಮಗು ಅವನ ಕೂದಲು ಹಿಡಿದು ಎಳೆಯುತ್ತಿತ್ತು.

"ಕಾಸಾಕ ಯಾರ ಅದಾರ್ರಿ ಈಗ" ಎಂದ.